ಹಿರಿಯರ ಕೈಯಲ್ಲಿ ಮೊಬೈಲ್: ನಾವು ಮಾಡಿಕೊಡಬೇಕೇ, ಅವರೇ ಮಾಡುವಂತೆ ಕಲಿಸಬೇಕೇ?

ಶಾಲ್ಮಲಾ ತೀರ (ಧಾರವಾಡ):

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದ ಮೇಲೆ, ಎರಡು ವರ್ಷಗಳಿಂದ ಪ್ರತಿ ಶನಿವಾರ ನಮ್ಮ ಬಡಾವಣೆಯ ವಾಚನಾಲಯದ ಒಂದು ಕೋಣೆಯಲ್ಲಿ ಅರವತ್ತು ದಾಟಿದವರೊಂದಿಗೆ ಕುಳಿತು, ಅವರವರ ಮೊಬೈಲಿನಲ್ಲಿ ಅವರಿಗೆ ಬೇಕಾದ ಕೆಲಸವನ್ನು ಕಲಿಸುತ್ತಿದ್ದೇನೆ. ಮೊದಲ ದಿನ ಬಂದವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಎಲ್ಲಾ ಮಗ ಮಾಡಿ ಕೊಡ್ತಾನ್ರಿ." ಅದು ನಿಜವೂ ಹೌದು, ಮಕ್ಕಳು ಪ್ರೀತಿಯಿಂದಲೇ ಮಾಡಿಕೊಡುತ್ತಾರೆ. ಆದರೆ ಮಗ ಪುಣೆಯಲ್ಲಿದ್ದು, ಪಿನ್ ಅವನ ನೆನಪಿನಲ್ಲಿದ್ದು, ಓಟಿಪಿ ಬರುವ ಸಿಮ್ ಕೂಡ ಅವನ ಮೊಬೈಲಿನಲ್ಲೇ ಇದ್ದರೆ, ತಾಯಿಯ ಖಾತೆ ತಾಯಿಯದು ಎನ್ನಲು ಪಾಸ್‌ಬುಕ್ಕಿನ ಮೇಲಿನ ಹೆಸರೊಂದೇ ಉಳಿಯುತ್ತದೆ.

ಈ ಮಾತು ನನಗೆ ಅರ್ಥವಾದದ್ದು ಒಂದು ನವೆಂಬರಿನಲ್ಲಿ. ನಮ್ಮ ಓಣಿಯ 79 ವರ್ಷದ ಅಜ್ಜಿಯೊಬ್ಬರಿಗೆ, ಅವರ ಯಜಮಾನರು ರೈಲ್ವೆಯಲ್ಲಿದ್ದುದರಿಂದ, ಕುಟುಂಬ ಪಿಂಚಣಿ ಬರುತ್ತದೆ. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ತಾವು ಜೀವಂತವಾಗಿದ್ದೇವೆ ಎಂಬ ಪ್ರಮಾಣಪತ್ರವನ್ನು ಕೊಡಬೇಕು. 2014ರ ನವೆಂಬರಿನಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ವ್ಯವಸ್ಥೆಯಿಂದ ಅದನ್ನು ಬೆರಳಚ್ಚಿನ ಮೂಲಕ ಗಣಕದಲ್ಲೇ ಕೊಡುವುದು ಸಾಧ್ಯವಾಗಿತ್ತು. ಆದರೆ ಅಜ್ಜಿಯ ಹತ್ತೂ ಬೆರಳನ್ನು ಒತ್ತಿಸಿದರೂ ಯಂತ್ರ ಗುರುತು ಹಿಡಿಯಲಿಲ್ಲ. ಅರವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು ಎಂದು ಅವರೇ ಹೇಳಿದರು. 2021ರ ನವೆಂಬರಿನಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ವಿಧಾನ ಬಂದದ್ದು ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಮಗನಿಗೆ ರಜೆ ಸಿಗುವವರೆಗೆ ಅವರು ಹದಿನೆಂಟು ದಿನ ಆತಂಕದಲ್ಲಿ ಕಾದರು. ಮರುವರ್ಷ ಅದೇ ಅಜ್ಜಿ ನಮ್ಮ ಕೋಣೆಯ ಕಿಟಕಿಯ ಎದುರು ಕುಳಿತು, ಮೊಬೈಲನ್ನು ತಾವೇ ಹಿಡಿದು, ಕಣ್ಣು ಮಿಟುಕಿಸಿ ಪ್ರಮಾಣಪತ್ರ ಪಡೆದರು. "ಅಕ್ಕೋರ, ಈ ಸಲ ನಾನ ಮಾಡೇನ್ರಿ" ಎಂದು ಮೂರು ಸಲ ಹೇಳಿದರು.

ಗ್ರಾಮೀಣ ಭಾರತಕ್ಕೆ ಡಿಜಿಟಲ್ ಸಾಕ್ಷರತೆ ಕಲಿಸಲು 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ದೊಡ್ಡ ಅಭಿಯಾನದಲ್ಲಿ ಮನೆಗೊಬ್ಬರಿಗೆ ಇಪ್ಪತ್ತು ಗಂಟೆಗಳ ತರಬೇತಿಯಿತ್ತು, ವಯೋಮಿತಿ ಮಾತ್ರ 14ರಿಂದ 60. ಮನೆಯಲ್ಲಿ ಒಬ್ಬರು ಕಲಿತರೆ ಸಾಕು, ಹಿರಿಯರಿಗೆ ಅವರು ಮಾಡಿಕೊಡುತ್ತಾರೆ ಎಂಬ ನಂಬಿಕೆ ಆ ಲೆಕ್ಕಾಚಾರದ ಹಿಂದೆ ಇದ್ದಂತೆ ನನಗೆ ಕಾಣುತ್ತದೆ. ನಾವು ಮನೆಗಳಲ್ಲಿ ಮಾಡುತ್ತಿರುವುದೂ ಅದನ್ನೇ ಅಲ್ಲವೇ? ನಿಮ್ಮ ಅನುಭವ ತಿಳಿಸಿ. ಮೊದಲು ಏನನ್ನು ಕಲಿಸಿದಿರಿ, ಯಾವುದನ್ನು ಕಲಿಸಬಾರದಿತ್ತು ಎಂದು ಈಗ ಅನ್ನಿಸುತ್ತಿದೆ?

ತುಂಗೆಯ ಮಗ (ಮ್ಯೂನಿಕ್, ಊರು ತೀರ್ಥಹಳ್ಳಿ ಬಳಿ):

ಮೇಡಂ, ನೀವು ಕೇಳಿದ ಕೊನೆಯ ಪ್ರಶ್ನೆಗೆ ನನ್ನ ಬಳಿ ನೋವಿನ ಉತ್ತರವಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮನ ವಿದ್ಯುತ್ ಬಿಲ್ಲು, ಗ್ಯಾಸ್ ಬುಕಿಂಗ್, ಮೊಬೈಲ್ ರೀಚಾರ್ಜ್, ಮಾತ್ರೆಗಳ ಆರ್ಡರ್ ಎಲ್ಲವನ್ನೂ ಇಲ್ಲಿಂದಲೇ ಮಾಡಿ ಮುಗಿಸುತ್ತಿದ್ದೆ, ಅದನ್ನು ಮಗನ ಕರ್ತವ್ಯವೆಂದೇ ತಿಳಿದಿದ್ದೆ. ಒಮ್ಮೆ ನಾನು ಹತ್ತು ದಿನ ಆಸ್ಪತ್ರೆಯಲ್ಲಿದ್ದಾಗ ಅಮ್ಮನ ರೀಚಾರ್ಜ್ ಅವಧಿ ಮುಗಿದು, ಅವರಿಗೆ ಹೊರಗೆ ಕರೆ ಮಾಡಲು ಆಗಲಿಲ್ಲ. ಕರೆನ್ಸಿ ಮುಗಿದರೆ ಏನು ಮಾಡಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ, ಏಕೆಂದರೆ ಅದು ಮುಗಿಯುವುದನ್ನು ಅವರು ನೋಡಿಯೇ ಇರಲಿಲ್ಲ. ಮಳೆಗಾಲದಲ್ಲಿ ಒಂದು ಮೈಲು ನಡೆದು ಪಕ್ಕದ ಮನೆಗೆ ಹೋಗಿ ನನ್ನ ಹೆಂಡತಿಗೆ ಕರೆ ಮಾಡಿದರು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಅಮ್ಮನ ಪರದೆಯನ್ನು ಇಲ್ಲಿಂದಲೇ ನೋಡಿ ನಡೆಸುವ ಒಂದು ಆ್ಯಪ್ ಹಾಕಿಸಿದ್ದೆ. "ಅಮ್ಮಾ, ಅದನ್ನು ತೆರೆ, ಒಂಬತ್ತು ಅಂಕಿ ಕಾಣುತ್ತದೆ, ಓದಿ ಹೇಳು, ಈಗ ಒಪ್ಪಿಗೆ ಒತ್ತು" ಎಂದು ಎರಡು ವರ್ಷ ಹೇಳಿಸಿದೆ. ವಂಚಕರು ಹಿರಿಯರಿಗೆ ಕರೆ ಮಾಡಿ ಹೇಳುವುದು ಅಕ್ಷರಶಃ ಇದೇ ಮಾತನ್ನು, ಹಾಕಿಸುವುದು ಇದೇ ಬಗೆಯ ಆ್ಯಪನ್ನು. ದೂರದಿಂದ ಒಂದು ಧ್ವನಿ ಹೇಳಿದಂತೆ ಅರ್ಥವಾಗದಿದ್ದರೂ ಒತ್ತುತ್ತಾ ಹೋಗುವ ಅಭ್ಯಾಸವನ್ನು ನಾನೇ ಅವರಿಗೆ ಮಾಡಿಸಿದ್ದೆ ಎಂದು ತಿಳಿದ ದಿನವೇ ಅದನ್ನು ತೆಗೆಸಿದೆ.

ಆಮೇಲೆ ಫಲ ಕೊಟ್ಟದ್ದು ಒಂದು ನೂರು ಪುಟದ ನೋಟ್‌ಬುಕ್. ಪುಟಕ್ಕೆ ಒಂದೇ ಕೆಲಸ. ಅಮ್ಮ ಮಾಡುತ್ತಾ ಹೋದಂತೆ ತಮ್ಮದೇ ಮಾತಿನಲ್ಲಿ, ತಮ್ಮದೇ ಕೈಬರಹದಲ್ಲಿ ಬರೆದುಕೊಂಡರು. ನಾನು ಬರೆದು ಕಳುಹಿಸಿದ್ದ ಅಚ್ಚುಕಟ್ಟಾದ ಪಟ್ಟಿಯನ್ನು ಅವರು ಒಂದು ದಿನವೂ ತೆರೆದಿರಲಿಲ್ಲ. ಆ್ಯಪ್ ಹೊಸದಾಗಿ ಅಪ್‌ಡೇಟ್ ಆಗಿ ಗುಂಡಿಗಳ ಜಾಗ ಬದಲಾದಾಗ ಹಳೆಯ ಪುಟಕ್ಕೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯುತ್ತಾರೆ. ಎಂಟು ತಿಂಗಳಲ್ಲಿ ಅವರು ಕಲಿತದ್ದು ನಾಲ್ಕೇ ಕೆಲಸ, ಅದರಲ್ಲಿ ಮೊದಲನೆಯದು ರೀಚಾರ್ಜ್.

ಎಪ್ಪತ್ತನಾಲ್ಕು (ಮೈಸೂರು):

ಈ ಚರ್ಚೆಯಲ್ಲಿ ಕಲಿಸುವವರೇ ಹೆಚ್ಚು ಮಾತನಾಡಬಹುದೆಂದು ಕಲಿತವನೊಬ್ಬನ ಮಾತನ್ನೂ ಸೇರಿಸುತ್ತಿದ್ದೇನೆ. ನನ್ನ ವಯಸ್ಸು ನನ್ನ ಹೆಸರಿನಲ್ಲೇ ಇದೆ.

ನಮಗೆ ಕಲಿಸುವವರು ಮೊದಲು ಬಿಡಬೇಕಾದದ್ದು "ಕೊಡಿ ಇಲ್ಲಿ" ಎಂಬ ಎರಡು ಪದಗಳನ್ನು. ಮೊಮ್ಮಗಳು ಹಾಗೆಂದು ಫೋನು ಇಸಿದುಕೊಂಡು, ಎಂಟು ಕಡೆ ಬೆರಳಾಡಿಸಿ, "ಆಯ್ತು ತಾತ" ಎಂದು ಹಿಂದಿರುಗಿಸುತ್ತಾಳೆ. ಕೆಲಸ ಆಗಿರುತ್ತದೆ, ಆದರೆ ನನಗೆ ಏನೂ ಬಂದಿರುವುದಿಲ್ಲ, ಮುಂದಿನ ಸಲ ಕೇಳುವುದಕ್ಕೆ ಸಂಕೋಚವೂ ಸೇರಿಕೊಳ್ಳುತ್ತದೆ. ಶನಿವಾರದ ತರಗತಿ ನಡೆಸುವ ಮೇಡಂ, ನಿಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಲಿಸಿ ಎಂದು ಸ್ವಯಂಸೇವಕರೆಲ್ಲರಿಗೂ ಹೇಳಿಬಿಡಿ.

ಎರಡನೆಯದು ದೇಹದ ಸಂಗತಿ. ನಮಗೆ ತಿಳಿಯುವುದಿಲ್ಲ ಎಂದು ಜನ ಭಾವಿಸುವ ಎಷ್ಟೋ ಸಂದರ್ಭಗಳಲ್ಲಿ ನಮಗೆ ನಿಜವಾಗಿ ಕಾಣುತ್ತಿರುವುದಿಲ್ಲ. ನನಗೆ ಪೊರೆಯ ಶಸ್ತ್ರಚಿಕಿತ್ಸೆ ಆಗುವ ಮುನ್ನ ಬೂದು ಬಣ್ಣದ ಮೇಲಿನ ತಿಳಿ ಬೂದು ಅಕ್ಷರಗಳು ಇಲ್ಲವೇ ಇಲ್ಲವೆಂಬಂತೆ ಇದ್ದವು. ಬೆರಳು ನಡುಗುವವರಿಗೆ ಒಂದು ಸಲ ಮುಟ್ಟಿದ್ದು ಒತ್ತಿ ಹಿಡಿದಂತಾಗಿ ಬೇರೇನೋ ತೆರೆದುಕೊಳ್ಳುತ್ತದೆ. ಅಕ್ಷರದ ಗಾತ್ರ, ಪರದೆಯ ಮೇಲಿನ ಗುರುತುಗಳ ಗಾತ್ರ, ಒತ್ತಿ ಹಿಡಿಯುವ ಅವಧಿ, ಈ ಮೂರನ್ನೂ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು ಎಂದು ನನಗೆ ಫೋನು ಮಾರಿದವರೂ ಹೇಳಲಿಲ್ಲ, ಮಕ್ಕಳೂ ಹೇಳಲಿಲ್ಲ. ಓಟಿಪಿ ಬಂದಾಗ ಕನ್ನಡಕ ಹುಡುಕಿ, ಸಂದೇಶ ತೆರೆದು, ಆರು ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದು ಹಿಂದಿನ ಪರದೆಗೆ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಈಗ ನಾನು ಕೆಲಸ ಆರಂಭಿಸುವ ಮೊದಲೇ ಕನ್ನಡಕ, ಪೆನ್ನು, ಚೀಟಿ ಮೂರನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕೂರುತ್ತೇನೆ.

ಕನ್ನಡದ ವಿಷಯವಾಗಿಯೂ ಒಂದು ಮಾತು. ಕೀಲಿಮಣೆಯಲ್ಲಿ ಮೈಕಿನ ಗುರುತು ಒತ್ತಿ ಕನ್ನಡದಲ್ಲೇ ಮಾತನಾಡಿದರೆ ಅದು ಅಕ್ಷರವಾಗುತ್ತದೆ ಎಂದು ತಿಳಿದ ದಿನ ನನಗೆ ಮೊಬೈಲ್ ನನ್ನದೆನಿಸಿತು. ಆದರೆ ಇಡೀ ಫೋನನ್ನು ಕನ್ನಡಕ್ಕೆ ತಿರುಗಿಸುವುದು ಎಲ್ಲರಿಗೂ ಒಗ್ಗುವುದಿಲ್ಲ. ಬಾಯಲ್ಲಿ ಹತ್ತು ವರ್ಷದಿಂದ ಇಂಗ್ಲಿಷ್ ಪದಗಳನ್ನೇ ಅಂದವರಿಗೆ ಪರದೆಯ ಮೇಲಿನ ಕನ್ನಡ ಪದಗಳು ಹೊಸವು. ಆಯ್ಕೆಯನ್ನು ಕಲಿಯುವವರಿಗೇ ಬಿಡಿ.

ನಾನು ಮೊದಲು ಕಲಿತದ್ದು ಬ್ಯಾಂಕಿನ ಕೆಲಸವನ್ನಲ್ಲ, ಹಳೆಯ ರೇಡಿಯೊ ನಾಟಕಗಳನ್ನು ಹುಡುಕಿ ಕೇಳುವುದನ್ನು. ಅಲ್ಲಿ ತಪ್ಪು ಒತ್ತಿದರೆ ಹಣ ಹೋಗುವುದಿಲ್ಲ. ಆ ಧೈರ್ಯದ ಮೇಲೆ ರೈಲಿನ ಟಿಕೆಟ್ಟಿಗೆ ಬಂದೆ. ಗಂಡಸರಿಗೆ 60, ಹೆಂಗಸರಿಗೆ 45 ತುಂಬಿದ್ದರೆ ಕೆಳಗಿನ ಬರ್ತಿನ ಕೋಟಾ ಇದೆ ಎಂಬುದು ನನಗೆ ಗೊತ್ತಾದದ್ದು ನಾನೇ ಬುಕ್ ಮಾಡಲು ಕಲಿತ ಮೇಲೆ. ಅಲ್ಲಿಯವರೆಗೆ ಮೊಣಕಾಲು ನೋವಿನಲ್ಲೂ ಮೇಲಿನ ಬರ್ತು ಹತ್ತಿದ್ದೇನೆ.

ಲೆಡ್ಜರ್ (ಉಡುಪಿ, ನಿವೃತ್ತ ಬ್ಯಾಂಕ್ ಅಧಿಕಾರಿ):

ಹಣದ ವಿಷಯವನ್ನು ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮಕ್ಕಳು ಪಿನ್ ಇಟ್ಟುಕೊಳ್ಳುವುದಕ್ಕೂ ಹಿರಿಯರು ಹೆದರಿ ದೂರ ಉಳಿಯುವುದಕ್ಕೂ ಕಾರಣ ಇದೇ.

ಯುಪಿಐ ಕಲಿಸುವಾಗ ಮೊದಲ ದಿನ ಹೇಳಬೇಕಾದದ್ದು ಪಿನ್ ಒತ್ತುವುದು ಹಣ ಕೊಡುವಾಗ ಅಥವಾ ಖಾತೆಯ ಬಾಕಿ ನೋಡುವಾಗ ಮಾತ್ರ ಎಂಬುದನ್ನು. ಹಣ ಪಡೆಯಲು ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಇದನ್ನು ಬಾಯಿಪಾಠ ಮಾಡಿಸಿದರೆ ಸಾಲದು, ಹತ್ತು ರೂಪಾಯಿಯನ್ನು ಅವರಿಗೆ ಕಳುಹಿಸಿ, ಅವರು ಏನನ್ನೂ ಒತ್ತದೆ ಅದು ಬಂದು ಸೇರುವುದನ್ನು ಅವರ ಕಣ್ಣಿಗೆ ತೋರಿಸಬೇಕು. ನಾನು ಹೀಗೆ ತೋರಿಸಿದ ಒಬ್ಬ ಅಮ್ಮ ಮುಂದೊಂದು ದಿನ, "ನಿಮಗೆ ಬಹುಮಾನ ಬಂದಿದೆ, ಪಿನ್ ಒತ್ತಿ" ಎಂದವನಿಗೆ, "ಬರುವ ದುಡ್ಡಿಗೆ ಪಿನ್ ಎಂತಕ್ಕೆ?" ಎಂದು ಕೇಳಿ ಕರೆ ಕತ್ತರಿಸಿದರು.

ಎರಡನೆಯ ಸಲಹೆ ಪ್ರತ್ಯೇಕ ಖಾತೆ. ಪಿಂಚಣಿ ಮತ್ತು ಠೇವಣಿ ಇರುವ ಖಾತೆಯನ್ನು ಮೊಬೈಲಿಗೆ ಜೋಡಿಸಲೇಬೇಡಿ. ಇನ್ನೊಂದು ಉಳಿತಾಯ ಖಾತೆಯನ್ನು ತೆರೆದು ಅದಕ್ಕೆ ತಿಂಗಳಿಗೆ ಮೂರೋ ನಾಲ್ಕೋ ಸಾವಿರ ಹಾಕಿಕೊಂಡರೆ, ತಪ್ಪಾದರೂ ನಷ್ಟಕ್ಕೆ ಮಿತಿಯಿರುತ್ತದೆ, ಕಲಿಯುವ ಕೈಗೆ ಭಯವಿರುವುದಿಲ್ಲ. ಯುಪಿಐ ಆ್ಯಪಿನೊಳಗಿನ ಸಣ್ಣ ಪರ್ಸಿನಂಥ ಯುಪಿಐ ಲೈಟ್‌ನಲ್ಲಿ 5,000 ರೂಪಾಯಿಯವರೆಗೆ ಇಟ್ಟುಕೊಂಡು ಒಂದು ಸಲಕ್ಕೆ 1,000 ರೂಪಾಯಿಯವರೆಗೆ ಪಿನ್ ಇಲ್ಲದೆ ಕೊಡಬಹುದು. ತರಕಾರಿ, ಆಟೊ, ಹಾಲಿಗೆ ಅದು ಅನುಕೂಲ, ಆದರೆ ಫೋನಿಗೆ ಬೀಗ ಹಾಕುವ ಅಭ್ಯಾಸ ಇಲ್ಲದವರಿಗೆ ಅದನ್ನು ನಾನು ಸೂಚಿಸುವುದಿಲ್ಲ.

ನಡೆದಾಡಲಾಗದ ಹಿರಿಯರಿಗೆ ಸಾಮಾನು ತರಲು ಸಹಾಯಕರು ಇರುವ ಮನೆಗಳಲ್ಲಿ ಪಿನ್ ಹೇಳಿಕೊಡುವುದೇ ರೂಢಿಯಾಗಿದೆ. ಇದಕ್ಕೆ 2024ರಲ್ಲಿ ಬಂದ 'ಯುಪಿಐ ಸರ್ಕಲ್' ಒಳ್ಳೆಯ ದಾರಿ. ಖಾತೆ ಹಿರಿಯರದೇ ಆಗಿದ್ದು, ನಂಬಿಕೆಯ ಇನ್ನೊಬ್ಬರನ್ನು ಅದಕ್ಕೆ ಸೇರಿಸಬಹುದು. ಪೂರ್ತಿ ಅನುಮತಿ ಕೊಟ್ಟರೆ ತಿಂಗಳಿಗೆ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿ ಮಿತಿ. ಭಾಗಶಃ ಅನುಮತಿಯಾದರೆ ಅಂಗಡಿಯಲ್ಲಿ ನಿಂತವರು ಕೋರಿಕೆ ಕಳುಹಿಸಬೇಕು, ಮನೆಯಲ್ಲಿ ಕುಳಿತ ಹಿರಿಯರು ತಮ್ಮ ಪಿನ್ ಒತ್ತಿ ಒಪ್ಪಿದರೆ ಮಾತ್ರ ಹಣ ಹೋಗುತ್ತದೆ. ಎರಡನೆಯದನ್ನೇ ನಾನು ಮೆಚ್ಚುತ್ತೇನೆ, ಅಲ್ಲಿ ಮನೆಯ ಯಜಮಾನಿಕೆ ಹಿರಿಯರ ಕೈಯಲ್ಲೇ ಉಳಿಯುತ್ತದೆ.

ಪಿನ್ ಹಂಚಿಕೊಳ್ಳುವುದರ ಇನ್ನೊಂದು ಪರಿಣಾಮವನ್ನು ಹೆಚ್ಚಿನವರು ತಿಳಿದಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ, ಗ್ರಾಹಕರೇ ತಮ್ಮ ಗುಪ್ತಸಂಖ್ಯೆಯನ್ನು ಇನ್ನೊಬ್ಬರಿಗೆ ತಿಳಿಸಿದ್ದರಿಂದ ನಷ್ಟವಾದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟವನ್ನು ಗ್ರಾಹಕರೇ ಹೊರಬೇಕಾಗುತ್ತದೆ. ಆದ್ದರಿಂದ ಏನಾದರೂ ಆದರೆ ಮಗನ ಕರೆಗೆ ಕಾಯದೆ, ಆ ಕ್ಷಣವೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು. ಈ ನಾಲ್ಕು ಅಂಕಿಗಳನ್ನು ದೊಡ್ಡದಾಗಿ ಬರೆದು ಫೋನಿನ ಬೆನ್ನಿಗೆ ಅಂಟಿಸಿ.

ಗ್ರಾಮದ ಕೌಂಟರ್ (ರಾಯಚೂರು ಜಿಲ್ಲೆ):

ನಾನು ಹಳ್ಳಿಯಲ್ಲೇ ಸರ್ಕಾರಿ ಸೇವೆಗಳನ್ನು ಕೊಡುವ ಗ್ರಾಮ ಒನ್ ಕೇಂದ್ರದಲ್ಲಿ ಕೆಲಸ ಮಾಡುವವನು. ಇಲ್ಲಿ ನಡೆಯುತ್ತಿರುವ ಮಾತು ನನಗೆ ಇಷ್ಟವಾಯಿತು, ಆದರೆ ಒಂದು ಆಕ್ಷೇಪವನ್ನು ಗೌರವದಿಂದಲೇ ಮುಂದಿಡಬೇಕು. ನೀವೆಲ್ಲರೂ ಹೇಳುತ್ತಿರುವುದು ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವ, ಓದು ಬರಹ ಬಲ್ಲ ಹಿರಿಯರ ಕಥೆ. ನನ್ನ ಕೌಂಟರಿಗೆ ಬರುವವರಲ್ಲಿ ಹೆಚ್ಚಿನವರು ಹಿರಿಯರ ಪಿಂಚಣಿಯಾದ ಸಂಧ್ಯಾ ಸುರಕ್ಷಾ ಯೋಜನೆಯ 1,200 ರೂಪಾಯಿ ಬಂತೇ ಇಲ್ಲವೇ ಎಂದು ಕೇಳಲು ಬರುವ ಅಜ್ಜ ಅಜ್ಜಿಯರು. ಅವರ ಬಳಿ ಇರುವುದು ಕೀಪ್ಯಾಡ್ ಫೋನು, ಎಷ್ಟೋ ಮಂದಿಗೆ ಅದೂ ಇಲ್ಲ.

ಅವರ ಸ್ವಾವಲಂಬನೆ ಆ್ಯಪಿಗಿಂತ ಬಹಳ ಮುಂಚೆ, ಮೊಬೈಲ್ ಸಂಖ್ಯೆಯಲ್ಲಿ ಸಿಕ್ಕಿಕೊಂಡಿದೆ. ಆಧಾರಿಗೂ ಬ್ಯಾಂಕಿಗೂ ಜೋಡಿಸಿರುವ ಸಂಖ್ಯೆ ಯಾರದು ಎಂದು ಕೇಳಿದರೆ, ಒಬ್ಬರದು ಬೆಂಗಳೂರಿಗೆ ದುಡಿಯಲು ಹೋದ ಅಳಿಯನದು, ಇನ್ನೊಬ್ಬರದು ಎಂದೋ ಬಂದಾದ ಸಿಮ್ಮಿನದು, ಮತ್ತೊಬ್ಬರದು ಅರ್ಜಿ ತುಂಬಿದ ದಿನ ಪಕ್ಕದಲ್ಲಿ ನಿಂತಿದ್ದ ಯಾರದೋ. ಓಟಿಪಿ ಅಲ್ಲಿಗೆ ಹೋಗುತ್ತದೆ, ಅಜ್ಜಿ ಇಲ್ಲಿ ಕೂತಿರುತ್ತಾರೆ. ಹಾಗಾಗಿ ಹಿರಿಯರಿಗೆ ಸಹಾಯ ಮಾಡಬೇಕೆನ್ನುವವರು ಮೊದಲ ಕೆಲಸವಾಗಿ ಅವರದೇ ಹೆಸರಿನ ಒಂದು ಸಿಮ್ ಕೊಡಿಸಿ, ಆಧಾರ್ ನೋಂದಣಿ ಕೇಂದ್ರಕ್ಕೂ ಬ್ಯಾಂಕಿಗೂ ಕರೆದುಕೊಂಡು ಹೋಗಿ ಆ ಸಂಖ್ಯೆಯನ್ನು ಸೇರಿಸಿಸಬೇಕು. ತರಗತಿ ಆಮೇಲೆ.

ಕೀಪ್ಯಾಡ್ ಫೋನಿನಲ್ಲೂ ದಾರಿ ಇಲ್ಲವೆಂದಲ್ಲ. *99# ಒತ್ತಿ ಖಾತೆಯ ಬಾಕಿ ನೋಡಬಹುದು. ಇಂಟರ್‌ನೆಟ್ ಇಲ್ಲದ ಫೋನುಗಳಿಗೆಂದೇ 2022ರ ಮಾರ್ಚಿನಲ್ಲಿ 'ಯುಪಿಐ 123 ಪೇ' ಬಂದಿದೆ. ಆದರೆ ನಾನು ಎಲ್ಲಕ್ಕಿಂತ ಮುಖ್ಯವೆಂದು ಕಲಿಸುವುದು ಬ್ಯಾಂಕಿನ ಸಂದೇಶದಲ್ಲಿ ಹಣ ಬಂದದ್ದು ಯಾವುದು, ಹೋದದ್ದು ಯಾವುದು ಎಂದು ಗುರುತಿಸುವುದನ್ನು. ಓದು ಬಾರದ ಒಬ್ಬ ಅಜ್ಜನಿಗೆ ಕ್ರೆಡಿಟ್, ಡೆಬಿಟ್ ಎಂಬ ಆ ಎರಡು ಇಂಗ್ಲಿಷ್ ಪದಗಳ ಆಕಾರವನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಹೊಂದಿಸಿ ನೋಡಿ ಹೇಳುತ್ತಾರೆ. ಅದಾದ ಮೇಲೆ ಹೆಬ್ಬೆಟ್ಟು ಒತ್ತಿ ಹಣ ಪಡೆಯುವಾಗ ಅವರು ರಸೀದಿ ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ.

ಎಲ್ಲರೂ ಆನ್‌ಲೈನಿಗೆ ಬಂದರೆಂದು ಕೌಂಟರ್ ಮುಚ್ಚುವ ದಿನ ಬರಬಾರದು ಎಂಬುದು ನನ್ನ ಕಳಕಳಿ. ನನ್ನ ಉದ್ಯೋಗಕ್ಕಾಗಿ ಹೇಳುತ್ತಿಲ್ಲ.

ಲೆಡ್ಜರ್ (ಉಡುಪಿ):

ಕೌಂಟರಿನವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಮೂಲಭೂತ ಬ್ಯಾಂಕಿಂಗ್ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಜೀವನ ಪ್ರಮಾಣಪತ್ರಕ್ಕೂ ಅಂಚೆಯಣ್ಣ 70 ರೂಪಾಯಿ ಶುಲ್ಕಕ್ಕೆ ಮನೆಗೇ ಬರುತ್ತಾರೆ. ಇವನ್ನು ಕೇಳಿ ಪಡೆಯುವುದನ್ನೂ ಕಲಿಸಬೇಕು.

ಒಬ್ಬ ಮಗಳು (ಬೆಂಗಳೂರು):

ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ತಂದೆಗೆ 71. ಕಳೆದ ವರ್ಷ ಪೊಲೀಸರೆಂದು ಹೇಳಿಕೊಂಡವರು ವೀಡಿಯೊ ಕರೆಯಲ್ಲಿ ಎರಡು ದಿನ ಅವರನ್ನು ಕೋಣೆಯಿಂದ ಹೊರಗೆ ಬಿಡದೆ ಕೂರಿಸಿ, ಠೇವಣಿ ಮುರಿಸಿ, ದೊಡ್ಡ ಮೊತ್ತವನ್ನು ವರ್ಗಾಯಿಸಿಕೊಂಡರು. 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ರೇಡಿಯೊ ಭಾಷಣದಲ್ಲಿ ಹೇಳಿದ್ದನ್ನು ಅಪ್ಪ ಕೇಳಿದ್ದರು. ಕೇಳಿದ್ದೂ ಆ ಹೊತ್ತಿಗೆ ನೆನಪಾಗಲಿಲ್ಲ. ಆ ಘಟನೆಯ ನಂತರ ನಾವು ಅವರ ಸ್ಮಾರ್ಟ್‌ಫೋನ್ ತೆಗೆದುಕೊಂಡು ಕೀಪ್ಯಾಡ್ ಫೋನು ಕೊಟ್ಟೆವು. ಅವರು ವಿರೋಧಿಸಲಿಲ್ಲ. ಈಗ ದಿನಕ್ಕೆ ನಾಲ್ಕು ಮಾತೂ ಆಡುವುದಿಲ್ಲ. ನಾವು ಮಾಡಿದ್ದು ತಪ್ಪೇ?

ಎಪ್ಪತ್ತನಾಲ್ಕು (ಮೈಸೂರು):

ಮಗಳೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಅದಕ್ಕೆ ನಿಮ್ಮನ್ನು ಯಾರೂ ದೂರುವುದಿಲ್ಲ. ಆದರೆ ನಿಮ್ಮ ತಂದೆಯ ಸ್ಥಾನದಲ್ಲಿ ನಿಂತು ನೋಡಿದರೆ, ಮೋಸ ಮಾಡಿದವರು ಹಣ ತೆಗೆದುಕೊಂಡು ಹೋದರು, ಸ್ನೇಹಿತರ ಗುಂಪು, ಬೆಳಗಿನ ಪತ್ರಿಕೆ, ಮೊಮ್ಮಕ್ಕಳ ಚಿತ್ರಗಳು ಆಮೇಲೆ ಹೋದವು. ವಂಚಕರು ಅವರನ್ನು ಹಿಡಿದದ್ದು "ಯಾರಿಗೂ ಹೇಳಬೇಡಿ" ಎಂಬ ಮಾತಿನಿಂದ. ಹೇಳಿದರೆ ಮನೆಯವರು ಬೈಯುತ್ತಾರೆ, ಫೋನು ಕಿತ್ತುಕೊಳ್ಳುತ್ತಾರೆ ಎಂಬ ಅಳುಕು ನಮ್ಮ ವಯಸ್ಸಿನವರಲ್ಲಿ ಮೊದಲೇ ಇರುತ್ತದೆ, ಆ ಮಾತು ಅದರ ಮೇಲೆ ಕೆಲಸ ಮಾಡುತ್ತದೆ. ಫೋನು ಹಿಂದಿರುಗಿಸಿ, ಠೇವಣಿಯ ಖಾತೆಯನ್ನು ಮಾತ್ರ ಅದರಿಂದ ಬೇರ್ಪಡಿಸಿ. ಯಾವ ಹೊತ್ತಿಗೆ ಯಾವ ಸಣ್ಣ ಸಂಶಯ ಬಂದರೂ ಕರೆ ಮಾಡಿ, ನಾನು ಬೈಯುವುದಿಲ್ಲ ಎಂದು ನೀವೇ ಅವರಿಗೆ ಬಾಯಿಬಿಟ್ಟು ಹೇಳಿ.

ತುಂಗೆಯ ಮಗ (ಮ್ಯೂನಿಕ್):

ನಮ್ಮ ಮನೆಯಲ್ಲಿ ಒಂದು ಗುಟ್ಟಿನ ಪದ ಇಟ್ಟುಕೊಂಡಿದ್ದೇವೆ. ನಾನೇ ಎಂದು ಹೇಳಿಕೊಂಡು ಯಾರಾದರೂ ತುರ್ತಾಗಿ ಹಣ ಕೇಳಿದರೆ ಅಮ್ಮ ಆ ಪದ ಕೇಳಬೇಕು. ನಾನು ಮರೆತರೂ ಕೊಡಬಾರದು. ಒಮ್ಮೆ ನಾನೇ ಬೇಕೆಂದು ಪರೀಕ್ಷಿಸಿದೆ, ಅಮ್ಮ ಪಟ್ಟು ಬಿಡಲಿಲ್ಲ. ಫೋನು ಕಿತ್ತುಕೊಂಡಿದ್ದರೆ ಈ ಗಟ್ಟಿತನ ಅವರಿಗೆ ಬರುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಒಬ್ಬ ಮಗಳು (ಬೆಂಗಳೂರು):

ಧನ್ಯವಾದಗಳು. ಇಂದು ಸಂಜೆ ಅಪ್ಪನಿಗೆ ಫೋನು ಹಿಂದಿರುಗಿಸಿದೆ. ಒಂದು ಪ್ರಶ್ನೆ ಉಳಿದಿದೆ. ಅವರಿಗೆ ಪಾರ್ಶ್ವವಾಯುವಿನಿಂದ ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಮುಖ ತೋರಿಸುವ ಆ್ಯಪ್ ಕಣ್ಣು ಮಿಟುಕಿಸಿ ಎಂದು ಕೇಳುತ್ತದೆಯಲ್ಲ, ಅವರು ಹೇಗೆ ಮಾಡಬೇಕು?

ಶಾಲ್ಮಲಾ ತೀರ (ಧಾರವಾಡ):

ನಿಮ್ಮ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋದ ಪ್ರಶ್ನೆ. ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿ ದೋಷವಿರುವವರು ಇದೇ ಕಣ್ಣು ಮಿಟುಕಿಸುವ ನಿಯಮದ ತೊಂದರೆಯನ್ನು ಮುಂದಿಟ್ಟಾಗ, 2025ರ ಏಪ್ರಿಲ್ 30ರಂದು ನ್ಯಾಯಾಲಯವು ಡಿಜಿಟಲ್ ಸೇವೆಗಳ ಲಭ್ಯತೆಯನ್ನು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಗುರುತು ಪರಿಶೀಲನೆಗೆ ಬೇರೆ ವಿಧಾನಗಳೂ ಇರಬೇಕೆಂದು ನಿರ್ದೇಶನ ಕೊಟ್ಟಿತು. ಆದ್ದರಿಂದ ನಿಮ್ಮ ತಂದೆ ಬೇರೆ ದಾರಿ ಕೇಳುವುದು ಉಪಕಾರ ಬೇಡುವಂತಲ್ಲ. ಅವರ ಬೆರಳಚ್ಚು ಅಥವಾ ಕಣ್ಣಿನ ಪಾಪೆಯ ಗುರುತು ಸಿಗುತ್ತದೆಯೇ ಎಂದು ಮೊದಲು ನೋಡಿ. ಅದೂ ಆಗದಿದ್ದರೆ ಪಿಂಚಣಿ ಕೊಡುವ ಬ್ಯಾಂಕಿಗೆ ಹಾಜರಾಗಿ ಕಾಗದದ ಪ್ರಮಾಣಪತ್ರ ಕೊಡುವುದು ಈಗಲೂ ಚಾಲ್ತಿಯಲ್ಲಿದೆ, ಹೋಗಲಾಗದಿದ್ದರೆ ಮನೆಗೆ ಬರುವಂತೆ ಕೇಳಿ.

ಮುಖದ ವಿಧಾನ ಆಗುವವರಿಗೆ ನಮ್ಮ ಕೋಣೆಯ ಅನುಭವ ಹೇಳುತ್ತೇನೆ. ಬೆಳಕು ಬೆನ್ನ ಹಿಂದೆ ಇರಬಾರದು, ಕಿಟಕಿ ಎದುರಿಗಿರಬೇಕು. ಕನ್ನಡಕ ತೆಗೆಯಬೇಕು, ಹಿಂದೆ ಯಾರೂ ಓಡಾಡಬಾರದು. ಜೊತೆಗೆ, ಪಿಂಚಣಿದಾರರ ಸ್ವಂತ ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ಆ್ಯಪ್ ಇರುವ ಫೋನಿನ ಒಡೆಯರು ಒಮ್ಮೆ ತಮ್ಮ ಗುರುತು ದೃಢಪಡಿಸಿಕೊಂಡರೆ, ಆ ಒಂದೇ ಫೋನಿನಲ್ಲಿ ಓಣಿಯ ಎಲ್ಲರ ಪ್ರಮಾಣಪತ್ರ ತೆಗೆಯಬಹುದು. ರಾಯಚೂರಿನ ಸೋದರರು ಹೇಳಿದ ಕೀಪ್ಯಾಡ್ ಫೋನಿನವರಿಗೂ ಇದರಿಂದ ಅನುಕೂಲವಾಗುತ್ತದೆ.

ನಿಮ್ಮೆಲ್ಲರ ಮಾತು ಕೇಳಿ ಶನಿವಾರದ ಕ್ರಮವನ್ನು ಬದಲಿಸುತ್ತಿದ್ದೇನೆ. ಮೊದಲ ವಾರ ಯಾವ ಆ್ಯಪೂ ಇಲ್ಲ. ಯಾವ ಸಂಖ್ಯೆ ಎಲ್ಲಿಗೆ ಜೋಡಣೆಯಾಗಿದೆ ಎಂದು ನೋಡುವುದು, ಅಕ್ಷರ ದೊಡ್ಡದು ಮಾಡುವುದು, ಫೋನಿನ ಬೆನ್ನಿಗೆ 1930ನ್ನೂ ಹಿರಿಯರ ಸಹಾಯವಾಣಿ 14567ನ್ನೂ ಅಂಟಿಸುವುದು. ಎರಡನೆಯ ವಾರ ಅವರವರಿಗೆ ಇಷ್ಟವಾದ ಹಾಡೋ ಭಜನೆಯೋ. ಹಣದ ಮಾತು ನಾಲ್ಕನೆಯ ವಾರಕ್ಕೆ. ಎಲ್ಲರಿಗೂ ಒಂದೊಂದು ನೋಟ್‌ಬುಕ್ ತರಿಸಿದ್ದೇನೆ.

80 ದಾಟಿದವರು ನವೆಂಬರಿಗೆ ಕಾಯದೆ ಅಕ್ಟೋಬರ್ 1ರಿಂದಲೇ ಪ್ರಮಾಣಪತ್ರ ಕೊಡಬಹುದು. ನಮ್ಮ ಓಣಿಯ ಪಟ್ಟಿಯಲ್ಲಿ ಅಂಥವರು ಹನ್ನೊಂದು ಮಂದಿ ಇದ್ದಾರೆ, ಇಬ್ಬರು ಹಾಸಿಗೆ ಬಿಟ್ಟು ಏಳಲಾರರು. ನಾನು ಮೊದಲು ಹೇಳಿದ ಅಜ್ಜಿಗೂ ಈ ಅಕ್ಟೋಬರಿಗೆ 80 ತುಂಬುತ್ತದೆ. ಆ ಇಬ್ಬರ ಮನೆಗೆ ತಾವೇ ಬಂದು ಹೇಗೆ ಕೂರಬೇಕು, ಎಲ್ಲಿ ನೋಡಬೇಕು ಎಂದು ತೋರಿಸುವುದಾಗಿ ಅವರು ಹೇಳಿದ್ದಾರೆ. ಹುಬ್ಬಳ್ಳಿ ಧಾರವಾಡದ ಕಡೆ ಇರುವವರು ಅಕ್ಟೋಬರ್ 1ರ ಆ ವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಬಿಡುವು ಮಾಡಿಕೊಳ್ಳಬಲ್ಲಿರಾದರೆ ಇಲ್ಲೇ ತಿಳಿಸಿ.